ಇಲ್ಯಾ ಮೆಚ್ನಿಕೋಫ್ (1845–1916): ಜೀವನ ಮತ್ತು ಸಾಧನೆ

ದೇಹದೊಳಗೆ ಪ್ರವೇಶಿಸುವ ರೋಗಾಣುಗಳನ್ನು ದೇಹವು ಹೇಗೆ ಗುರುತಿಸಿ ಎದುರಿಸುತ್ತದೆ ಎಂಬುದು ಪ್ರತಿಯೊಬ್ಬ ನಾಗರಿಕರೂ ತಿಳಿದಿರಬೇಕಾದ ವಿಷಯವಾಗಿರುತ್ತದೆ. ಈ ಕ್ಷೇತ್ರಕ್ಕೆ ಅಡಿಪಾಯ ಹಾಕಿದ ವಿಜ್ಞಾನಿ ಇಲ್ಯಾ ಮೆಚ್ನಿಕೋಫ್ ಅವರ ಸಂಕ್ಷಿಪ್ತ ಜೀವನ ವಿವರವನ್ನು ಸಾರ್ವಜನಿಕರ ಮಾಹಿತಿಗಾಗಿ ಈ ಕೆಳಗೆ ನೀಡಲಾಗಿದೆ.

ಜನನ ಮತ್ತು ವಿದ್ಯಾಭ್ಯಾಸ

ಇವರು 1845ರಲ್ಲಿ, ಅಂದಿನ ರಷ್ಯಾ ಸಾಮ್ರಾಜ್ಯಕ್ಕೆ ಸೇರಿದ್ದು ಇಂದು ಉಕ್ರೇನ್ ದೇಶದಲ್ಲಿರುವ ಖಾರ್ಕಿವ್ ನಗರದ ಸಮೀಪ ಜನಿಸಿದರು. ಖಾರ್ಕಿವ್ ವಿಶ್ವವಿದ್ಯಾಲಯದಲ್ಲಿ ನಾಲ್ಕು ವರ್ಷಗಳ ವ್ಯಾಸಂಗವನ್ನು ಎರಡೇ ವರ್ಷಗಳಲ್ಲಿ ಪೂರೈಸಿ, ಜರ್ಮನಿ ಹಾಗೂ ಇಟಲಿಯಲ್ಲಿ ಸಮುದ್ರಜೀವಿಗಳ ಬಗ್ಗೆ ಅಧ್ಯಯನ ನಡೆಸಿದರು. 1870ರಲ್ಲಿ ಒಡೆಸ್ಸಾ ವಿಶ್ವವಿದ್ಯಾಲಯದ ಪ್ರಾಣಿಶಾಸ್ತ್ರ ಪ್ರಾಧ್ಯಾಪಕರಾಗಿ ನೇಮಕಗೊಂಡರು.

ಇವರ ಪ್ರಥಮ ಪತ್ನಿ ಲ್ಯುಡ್ಮಿಲಾ ಅವರು ಕ್ಷಯರೋಗದಿಂದ ಬಳಲುತ್ತಿದ್ದು, 1869ರಲ್ಲಿ ನಡೆದ ವಿವಾಹಕ್ಕೆ ಅವರನ್ನು ಕುರ್ಚಿಯ ಮೇಲೆ ಕೂರಿಸಿ ಕರೆತರಬೇಕಾಯಿತು. ಹವಾ ಬದಲಾವಣೆಗಾಗಿ ಮಡೇರಾ ದ್ವೀಪಕ್ಕೆ ಕರೆದೊಯ್ದರೂ ಪ್ರಯೋಜನವಾಗದೆ, 1873ರಲ್ಲಿ ಅವರು ನಿಧನ ಹೊಂದಿದರು. ಮೆಚ್ನಿಕೋಫ್ ಅವರು ತೀವ್ರ ದುಃಖದಿಂದ ಪ್ರಾಣತ್ಯಾಗಕ್ಕೂ ಮುಂದಾಗಿ ಬದುಕುಳಿದರು. 1875ರಲ್ಲಿ ಓಲ್ಗಾ ಅವರನ್ನು ವಿವಾಹವಾಗಿ ಸಂಶೋಧನೆಯನ್ನು ಮುಂದುವರಿಸಿದರು.

ಮೆಸ್ಸೀನಾದ ಪ್ರಯೋಗ

ರಾಜಕೀಯ ಗೊಂದಲದ ಕಾರಣ 1882ರಲ್ಲಿ ಪ್ರಾಧ್ಯಾಪಕ ಹುದ್ದೆಗೆ ರಾಜೀನಾಮೆ ನೀಡಿ, ಕುಟುಂಬ ಸಮೇತ ಸಿಸಿಲಿ ದ್ವೀಪದ ಮೆಸ್ಸೀನಾ ನಗರಕ್ಕೆ ತೆರಳಿದರು. ಒಂದು ದಿನ ಮನೆಯವರು ಸರ್ಕಸ್ ನೋಡಲು ಹೋಗಿದ್ದ ವೇಳೆಯಲ್ಲಿ, ನಕ್ಷತ್ರಮೀನಿನ ಪಾರದರ್ಶಕ ಮರಿಗಳನ್ನು ಸೂಕ್ಷ್ಮದರ್ಶಕದಲ್ಲಿ ಪರಿಶೀಲಿಸುತ್ತಿದ್ದರು. ಅವುಗಳ ದೇಹದಲ್ಲಿ ಅಲೆದಾಡುವ ಕೋಶಗಳು ಆಹಾರ ಜೀರ್ಣಿಸುವುದಲ್ಲದೆ, ಹೊರಗಿನಿಂದ ನುಗ್ಗಿದ ವಸ್ತುವಿನಿಂದ ದೇಹವನ್ನು ರಕ್ಷಿಸಲೂಬಹುದು ಎಂದು ಅವರಿಗೆ ಹೊಳೆಯಿತು. ಕೂಡಲೇ ತೋಟದಿಂದ ಗುಲಾಬಿ ಮುಳ್ಳುಗಳನ್ನು ತಂದು ಮರಿಗಳ ಚರ್ಮದ ಕೆಳಗೆ ಚುಚ್ಚಿದರು. ಮರುದಿನ ಮುಂಜಾನೆ ನೋಡಲಾಗಿ, ಆ ಕೋಶಗಳು ಮುಳ್ಳನ್ನು ಸುತ್ತುವರಿದಿರುವುದು ಕಂಡುಬಂದಿತು.

ಈ ಕೋಶಗಳಿಗೆ ಭಕ್ಷಕ ಕೋಶ ಎಂಬ ಅರ್ಥ ಬರುವ ಫ್ಯಾಗೊಸೈಟ್ ಎಂಬ ಗ್ರೀಕ್ ಮೂಲದ ಹೆಸರನ್ನು ಇಡಲಾಯಿತು. 1884ರಲ್ಲಿ ನೀರುಚಿಗಟಗಳ ಮೇಲೆ ನಡೆಸಿದ ಅಧ್ಯಯನವನ್ನು ಪ್ರಕಟಿಸಿದರು. ಭಕ್ಷಕ ಕೋಶಗಳು ಶಿಲೀಂಧ್ರದ ಬೀಜಕಣಗಳನ್ನು ನುಂಗಿ ನಾಶಪಡಿಸಿದಲ್ಲಿ ಚಿಗಟವು ಬದುಕುತ್ತದೆ, ವಿಫಲವಾದಲ್ಲಿ ಸಾಯುತ್ತದೆ ಎಂಬುದನ್ನು ಅದರಲ್ಲಿ ತೋರಿಸಿಕೊಟ್ಟರು.

ವಿರೋಧ ಮತ್ತು ಮನ್ನಣೆ

ರಕ್ತದ ಬಿಳಿಕಣಗಳು ರೋಗಾಣುಗಳನ್ನು ದೇಹದೆಲ್ಲೆಡೆ ಹರಡುತ್ತವೆ ಎಂಬ ಅಭಿಪ್ರಾಯವು ಆ ಕಾಲದ ಅನೇಕ ವೈದ್ಯರಲ್ಲಿ ಇದ್ದಿತು. 1888ರಿಂದ ಪ್ಯಾರಿಸ್‌ನ ಪಾಶ್ಚರ್ ಸಂಸ್ಥೆಯಲ್ಲಿ ಸೇವೆ ಸಲ್ಲಿಸಿದ ಮೆಚ್ನಿಕೋಫ್ ಅವರು ವರ್ಷಗಟ್ಟಲೆ ಟೀಕೆಗಳಿಗೆ ಪ್ರಯೋಗಗಳ ಮೂಲಕವೇ ಉತ್ತರಿಸಿದರು. 1890ರಲ್ಲಿ ಬೇರಿಂಗ್ ಮತ್ತು ಕಿಟಸಾಟೊ ಅವರು ರಕ್ತದ ದ್ರವಭಾಗದಲ್ಲಿಯೂ ರೋಗವಿಷವನ್ನು ತಡೆಯುವ ಶಕ್ತಿ ಇರುವುದನ್ನು ನಿರೂಪಿಸಿದ ನಂತರ ವಿವಾದವು ಮತ್ತಷ್ಟು ತೀವ್ರಗೊಂಡಿತು. ಅಂತಿಮವಾಗಿ ಎರಡೂ ಪಕ್ಷಗಳಲ್ಲಿ ಸತ್ಯಾಂಶವಿರುವುದು ದೃಢಪಟ್ಟು, 1908ರ ನೊಬೆಲ್ ಪ್ರಶಸ್ತಿಯನ್ನು ಕೋಶಗಳ ಪರವಾಗಿದ್ದ ಮೆಚ್ನಿಕೋಫ್ ಹಾಗೂ ದ್ರವಭಾಗದ ಪರವಾಗಿದ್ದ ಪಾಲ್ ಎರ್ಲಿಖ್ ಅವರಿಗೆ ಜಂಟಿಯಾಗಿ ನೀಡಲಾಯಿತು.

ಒಡೆಸ್ಸಾದಲ್ಲಿ ಇವರ ಶಿಷ್ಯರಾಗಿದ್ದ ವಾಲ್ಡೆಮಾರ್ ಹಾಫ್ಕಿನ್ ಅವರು ಭಾರತಕ್ಕೆ ಬಂದು, 1897ರಲ್ಲಿ ಮುಂಬಯಿಯಲ್ಲಿ ಪ್ಲೇಗ್ ಲಸಿಕೆಯನ್ನು ಸಿದ್ಧಪಡಿಸಿದರು ಎಂಬುದು ಗಮನಾರ್ಹ. ಮೆಚ್ನಿಕೋಫ್ ಅವರು 1916ರ ಜುಲೈ ತಿಂಗಳಲ್ಲಿ ಪ್ಯಾರಿಸ್‌ನಲ್ಲಿ ನಿಧನರಾದರು. ಅವರ ಚಿತಾಭಸ್ಮವನ್ನು ಪಾಶ್ಚರ್ ಸಂಸ್ಥೆಯ ಗ್ರಂಥಾಲಯದಲ್ಲಿ ಇರಿಸಲಾಗಿದೆ.

ನಂತರದ ಬೆಳವಣಿಗೆ

ಭಕ್ಷಕ ಕೋಶವು ರೋಗಾಣುವನ್ನು ಹೇಗೆ ಗುರುತಿಸುತ್ತದೆ ಎಂಬ ಪ್ರಶ್ನೆಯು ಅವರ ಕಾಲದಲ್ಲಿ ಬಗೆಹರಿಯಲಿಲ್ಲ. ಪ್ರತಿ ರೋಗಾಣುವನ್ನೂ ಪ್ರತ್ಯೇಕವಾಗಿ ಅಲ್ಲದೆ, ಒಂದು ವರ್ಗಕ್ಕೆ ಸಾಮಾನ್ಯವಾಗಿರುವ ಲಕ್ಷಣವನ್ನು ದೇಹವು ಗುರುತಿಸುತ್ತದೆ ಎಂದು 1989ರಲ್ಲಿ ಚಾರ್ಲ್ಸ್ ಜೇನ್‌ವೇ ಅವರು ಪ್ರತಿಪಾದಿಸಿದರು. 1996ರಲ್ಲಿ ಜೂಲ್ಸ್ ಹಾಫ್‌ಮನ್ ಮತ್ತು ಸಹೋದ್ಯೋಗಿಗಳು, ಟಾಲ್ ಎಂಬ ಜೀನ್ ಕೆಟ್ಟ ಹಣ್ಣುನೊಣಗಳು ಶಿಲೀಂಧ್ರ ಸೋಂಕನ್ನು ತಡೆಯಲಾರವು ಎಂದು ತೋರಿಸಿದರು. 1998ರಲ್ಲಿ ಬ್ರೂಸ್ ಬ್ಯೂಟ್ಲರ್ ಮತ್ತು ಸಹೋದ್ಯೋಗಿಗಳು, ಕೆಲವು ಬ್ಯಾಕ್ಟೀರಿಯಾಗಳ ಹೊರಪೊರೆಯಲ್ಲಿರುವ ಲಿಪೊಪಾಲಿಸ್ಯಾಕರೈಡ್ ಎಂಬ ವಸ್ತುವನ್ನು ಗುರುತಿಸುವ ಗ್ರಾಹಕವು ಇಲಿಗಳಲ್ಲಿ ಇರುವುದನ್ನು ಕಂಡುಹಿಡಿದರು. ಇದೇ ಬಗೆಯ ಗ್ರಾಹಕಗಳು ಮಾನವ ದೇಹದಲ್ಲಿಯೂ ಇರುತ್ತವೆ. ಹಾಫ್‌ಮನ್ ಮತ್ತು ಬ್ಯೂಟ್ಲರ್ ಅವರು 2011ರ ನೊಬೆಲ್ ಪ್ರಶಸ್ತಿಗೆ ಭಾಜನರಾದರು.

ಹುಟ್ಟಿನಿಂದಲೇ ಇರುವ ಈ ರಕ್ಷಣೆಯು ಕೆಲವೇ ಗಂಟೆಗಳಲ್ಲಿ ಕಾರ್ಯೋನ್ಮುಖವಾಗುತ್ತದೆ; ಹೊಸ ರೋಗಾಣುವಿನ ವಿರುದ್ಧ ಪ್ರತಿಕಾಯಗಳು ಸಿದ್ಧವಾಗಲು ಹಲವು ದಿನಗಳು ಬೇಕಾಗುತ್ತವೆ. ಆದರೆ ಹುಟ್ಟಿನಿಂದ ಬಂದ ರಕ್ಷಣೆಯೊಂದೇ ಎಲ್ಲ ರೋಗಗಳಿಗೂ ಸಾಲುವುದಿಲ್ಲ. ಲಸಿಕೆಯು ದೇಹಕ್ಕೆ ಸೇರಿದಾಗ ಅದನ್ನು ಮೊದಲು ಗುರುತಿಸಿ, ಪ್ರತಿಕಾಯ ತಯಾರಿಸುವ ವ್ಯವಸ್ಥೆಗೆ ಸೂಚನೆ ರವಾನಿಸುವುದೂ ಇದೇ ವ್ಯವಸ್ಥೆಯ ಕೋಶಗಳು. ಆದುದರಿಂದ ಸ್ವಾಭಾವಿಕ ನಿರೋಧಕ ಶಕ್ತಿ ಮತ್ತು ಲಸಿಕೆ ಇವೆರಡೂ ಒಂದಕ್ಕೊಂದು ಪೂರಕವೇ ಹೊರತು ಪರ್ಯಾಯವಲ್ಲ ಎಂಬುದನ್ನು ಸಾರ್ವಜನಿಕರು ಗಮನಿಸಬಹುದಾಗಿದೆ.