ಬಚ್ಚಲಮನೆಯ ಮೂರ್ಛೆಯನ್ನು ಅರಿತ ವೈದ್ಯ ಡಾ. ಕೆ.ಎಸ್. ಮಣಿ

ಹಾಸನ ಸೀಮೆಯಲ್ಲಿ ತಲೆಸ್ನಾನವೆಂದರೆ ಹಂಡೆಯ ತುಂಬ ಕಾದ ನೀರು, ನೆತ್ತಿಯ ಮೇಲೆ ಒಂದರ ಹಿಂದೊಂದು ಚೊಂಬು. ಈ ಹಿತವಾದ ರೂಢಿಯೇ ಕೆಲವರಲ್ಲಿ ಮೂರ್ಛೆಯನ್ನು ಕೆರಳಿಸಬಲ್ಲದು ಎಂಬುದನ್ನು ಅಧ್ಯಯನದಿಂದ ತೋರಿಸಿಕೊಟ್ಟವರಲ್ಲಿ ಬೆಂಗಳೂರಿನ ನರರೋಗ ತಜ್ಞ ಡಾ. ಕೆ.ಎಸ್. ಮಣಿ ಪ್ರಮುಖರು. ಅವರ ಕಾಣಿಕೆ ಇಂದಿಗೂ ಪ್ರಸ್ತುತ.

ಮುಂದೆ ನಿಮ್ಹಾನ್ಸ್ ಆಗಿ ಬೆಳೆದ ಬೆಂಗಳೂರಿನ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯಲ್ಲಿ ಮಣಿಯವರು ಸೇವೆ ಸಲ್ಲಿಸಿದರು. ನ್ಯೂಜಿಲೆಂಡ್‌ನಲ್ಲಿ 1945ರಲ್ಲಿ ಇಂತಹ ಒಬ್ಬ ರೋಗಿಯ ವಿವರ ಪ್ರಕಟವಾಗಿತ್ತು. ಅಲ್ಲಿ ಅಪರೂಪವೆನಿಸಿದ್ದು ದಕ್ಷಿಣ ಕರ್ನಾಟಕದಲ್ಲಿ ಅಪರೂಪವಾಗಿರಲಿಲ್ಲ. ಮಣಿ ಮತ್ತು ಸಂಗಡಿಗರು 1968ರಲ್ಲಿ ಮೊದಲ ವರದಿಯನ್ನು, 1972ರಲ್ಲಿ 60 ರೋಗಿಗಳ, 1974ರಲ್ಲಿ 108 ರೋಗಿಗಳ ವಿವರವನ್ನು ಪ್ರಕಟಿಸಿದರು. ಬಿಸಿನೀರು ತಲೆಗೆ ಬಿದ್ದಾಗ ರೋಗಿ ದಿಟ್ಟಿಸಿ ನೋಡುತ್ತಾನೆ, ಅಸಂಬದ್ಧವಾಗಿ ಮಾತನಾಡುತ್ತಾನೆ, ಕೆಲವೊಮ್ಮೆ ಸೆಟೆದು ಬೀಳುತ್ತಾನೆ. ಗಂಡುಮಕ್ಕಳಲ್ಲಿ ಇದು ಹೆಚ್ಚು. ಕೆಲವರಲ್ಲಿ ಮುಂದೆ ಸ್ನಾನದ ಹೊರತಾಗಿಯೂ ಮೂರ್ಛೆ ಬರುವುದುಂಟು.

ಮಣಿಯವರ ಮತ್ತೊಂದು ಸಾಧನೆ ಯಳಂದೂರು ಅಧ್ಯಯನ. ಹಳ್ಳಿಗಳಲ್ಲಿ ರೋಗಿಗಳನ್ನು ಗುರುತಿಸಿ, ಅಗ್ಗದ ಹಳೆಯ ಮಾತ್ರೆಗಳಾದ ಫಿನೋಬಾರ್ಬಿಟೋನ್ ಅಥವಾ ಫೆನಿಟಾಯಿನ್ ನೀಡಿ ವರ್ಷಗಟ್ಟಲೆ ಗಮನಿಸಲಾಯಿತು. 2001ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಫಲಿತಾಂಶ ಪ್ರಕಟವಾಯಿತು. ದುಬಾರಿ ಔಷಧವಿಲ್ಲದೆಯೂ ಹಳ್ಳಿಯಲ್ಲೇ ಮೂರ್ಛೆಯನ್ನು ಹತೋಟಿಗೆ ತರಬಹುದೆಂದು ಅದು ತೋರಿಸಿತು.

ಈ ಅರಿವು ಹಾಸನ ಜಿಲ್ಲೆಯ ದಿನನಿತ್ಯದ ಬದುಕಿಗೆ ನೇರವಾಗಿ ಅನ್ವಯಿಸುತ್ತದೆ. ಮೂರ್ಛೆ ಕ್ಷಣಮಾತ್ರದ್ದಾದರೂ ಅದು ಬರುವ ಜಾಗ ಪ್ರಾಣಾಪಾಯ ತರಬಲ್ಲದು. ಹೊಳೆನರಸೀಪುರದ ಹೇಮಾವತಿ ದಡ, ಚನ್ನರಾಯಪಟ್ಟಣದ ತೆಂಗಿನ ಮರ, ಅರಕಲಗೂಡಿನ ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿನ ಬೆಂಕಿ, ಹಾಸನದ ರಸ್ತೆಯಲ್ಲಿ ಓಡಿಸುವ ಬೈಕು ಇವೆಲ್ಲ ಇಂತಹವರಿಗೆ ಎಚ್ಚರಿಕೆಯ ತಾಣಗಳು. ಒಬ್ಬರೇ ಈಜಬಾರದು, ಮರ ಹತ್ತಬಾರದು, ಬೆಂಕಿಯ ಬಳಿ ಒಬ್ಬರೇ ನಿಲ್ಲಬಾರದು. ವೈದ್ಯರ ಒಪ್ಪಿಗೆಯಿಲ್ಲದೆ ವಾಹನ ಓಡಿಸಬಾರದು. ಸ್ನಾನಕ್ಕೆ ಉಗುರುಬೆಚ್ಚಗಿನ ನೀರನ್ನೇ ಬಳಸಿ, ಬಚ್ಚಲ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕದಿರುವುದು ಲೇಸು. ಮಾತ್ರೆಯನ್ನು ತಾವಾಗಿ ನಿಲ್ಲಿಸಿದರೆ ಮೂರ್ಛೆ ಮರುಕಳಿಸಬಹುದು.

ಮೂರ್ಛೆ ಬಂದವರ ಕೈಗೆ ಬೀಗದ ಕೈ ಕೊಡುವುದು, ಬಾಯಿಗೆ ಚಮಚ ತುರುಕುವುದು ಸಲ್ಲದು. ಸುತ್ತಲಿನ ಅಪಾಯದ ವಸ್ತುಗಳನ್ನು ಸರಿಸಿ, ಒಂದು ಮಗ್ಗುಲಿಗೆ ಮಲಗಿಸಬೇಕು. ಐದು ನಿಮಿಷ ಮೀರಿದರೆ, ಅಥವಾ ಎಚ್ಚರವಾಗುವ ಮೊದಲೇ ಮತ್ತೆ ಬಂದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು.

ದೆವ್ವ, ಶಾಪ ಎಂದು ಮುಚ್ಚಿಡುತ್ತಿದ್ದ ರೋಗವನ್ನು ಮಣಿಯವರು ಹಂಡೆಯ ನೀರಿನ ಬಿಸಿಯಿಂದ ಹಿಡಿದು ಹಳ್ಳಿಯ ಮಾತ್ರೆಯವರೆಗೆ ಅಳೆದು ನೋಡಿದರು. ಆ ರೋಗವನ್ನು ಮರೆಮಾಚದೆ ವೈದ್ಯರ ಬಳಿ ಕರೆದೊಯ್ಯುವುದೇ ಅವರಿಗೆ ಸಲ್ಲಿಸಬಹುದಾದ ನಿಜವಾದ ಗೌರವ.