ವಜ್ರದ ಓಲೆ ಬೇಡ ಅಂದ ಅನ್ನಾ ಮಣಿ

ಮಳೆಗಾಲದಲ್ಲಿ ಪೇಪರ್ ತೆಗೆದರೆ ಬಾದಾಮಿಯಲ್ಲಿ ಇಷ್ಟು ಮಿಲಿಮೀಟರ್, ಹುನಗುಂದದಲ್ಲಿ ಇಷ್ಟು, ಇಳಕಲ್‌ನಲ್ಲಿ ಇಷ್ಟು ಅಂತ ಒಂದು ಸಣ್ಣ ಪಟ್ಟಿ ಇರುತ್ತೆ. ನಮ್ಮಲ್ಲಿ ಹೆಚ್ಚಿನವರು ಅದನ್ನ ದಾಟಿ ಸೀದಾ ಕ್ರಿಕೆಟ್ ಪುಟಕ್ಕೆ ಹೋಗ್ತೀವಿ. ಹೊಲ ಇರೋ ಮನೆಯವರು ಮಾತ್ರ ಬೆರಳಿಟ್ಟು ಓದ್ತಾರೆ. ಎರಿ ಹೊಲದವರಿಗೆ ಅದು ಬಿತ್ತೋ ಲೆಕ್ಕ. ಆದರೆ ಬಾದಾಮಿಯ ಮಳೆಮಾಪಕ ಒಂದು ಅಳತೆಯದು, ಇಳಕಲ್‌ನದು ಇನ್ನೊಂದು ಅಳತೆಯದು ಆಗಿಬಿಟ್ಟರೆ ಆ ಪಟ್ಟಿಗೆ ಅರ್ಥವೇ ಇಲ್ಲ. ದೇಶದ ತುಂಬ ಹವಾಮಾನದ ಉಪಕರಣಗಳು ಒಂದೇ ಪ್ರಮಾಣದವು ಆಗಿರಬೇಕು, ಹೇಳಿದ ಅಂಕಿ ನಂಬುವಂತಿರಬೇಕು. ಈ ಕೆಲಸಕ್ಕೆ ಜೀವಮಾನ ಕೊಟ್ಟವರು ಅನ್ನಾ ಮಣಿ. ಅವರು ತೀರಿಕೊಂಡಾಗ ನಮ್ಮ ಬ್ಯಾಚಿನ ಯಾರೂ ಇನ್ನೂ ಹುಟ್ಟಿರಲಿಲ್ಲ. 2022ರಲ್ಲಿ ಅವರ ಹುಟ್ಟಿದ ದಿನ ಗೂಗಲ್ ಡೂಡಲ್ ಹಾಕಿತ್ತು, ಕೆಲವರಿಗಾದರೂ ನೆನಪಿರಬಹುದು.

1918ರ ಆಗಸ್ಟ್ 23ರಂದು ಪೀರುಮೇಡಿನಲ್ಲಿ ಹುಟ್ಟಿದರು. ಆಗ ಅದು ತಿರುವಾಂಕೂರು ಸಂಸ್ಥಾನ, ಈಗ ಕೇರಳ. ಎಂಟು ಮಕ್ಕಳಲ್ಲಿ ಏಳನೆಯವರು. ಅಪ್ಪ ಸಿವಿಲ್ ಎಂಜಿನಿಯರ್, ಮೇಲೆ ಏಲಕ್ಕಿ ತೋಟಗಳ ಮಾಲೀಕರು. ಅನುಕೂಲಸ್ಥರ ಮನೆ, ಆದರೆ ಅಲ್ಲೂ ಲೆಕ್ಕ ಅದೇ: ಗಂಡುಮಕ್ಕಳು ದೊಡ್ಡ ನೌಕರಿಗೆ, ಹೆಣ್ಣುಮಕ್ಕಳು ಮದುವೆಗೆ. ಆ ಮನೆಯಲ್ಲಿ ಹೆಣ್ಣುಮಕ್ಕಳಿಗೆ ಎಂಟನೇ ಹುಟ್ಟುಹಬ್ಬಕ್ಕೆ ವಜ್ರದ ಓಲೆ ಕೊಡೋ ಪದ್ಧತಿ ಇತ್ತು. ಅನ್ನಾ ಸರದಿ ಬಂದಾಗ ಆಕೆ ಓಲೆ ಬೇಡ, ಎನ್‌ಸೈಕ್ಲೋಪೀಡಿಯಾ ಬ್ರಿಟಾನಿಕಾ ಬೇಕು ಅಂದರು. ಆ ಹೊತ್ತಿಗೆ ಊರಿನ ಸಾರ್ವಜನಿಕ ಗ್ರಂಥಾಲಯದ ಮಲಯಾಳಂ ಪುಸ್ತಕಗಳನ್ನೆಲ್ಲ ಹೆಚ್ಚುಕಡಿಮೆ ಓದಿ ಮುಗಿಸಿದ್ದರಂತೆ. 1925ರಲ್ಲಿ ವೈಕಂ ಸತ್ಯಾಗ್ರಹದ ಸಮಯಕ್ಕೆ ಗಾಂಧೀಜಿ ಆ ಕಡೆ ಬಂದಿದ್ದರು. ಅದರ ಪ್ರಭಾವ ಆರು ವರ್ಷದ ಹುಡುಗಿಯ ಮೇಲೆ ಎಷ್ಟಾಯಿತು ಅಂದರೆ ಮುಂದೆ ಖಾದಿಯೇ ಅವರ ಉಡುಪಾಯಿತು.

ಮೆಡಿಕಲ್ ಓದುವ ಆಸೆ ಇತ್ತು, ಅದು ಆಗಲಿಲ್ಲ. ಫಿಸಿಕ್ಸ್‌ನಲ್ಲಿ ಮಾರ್ಕ್ಸ್ ಚೆನ್ನಾಗಿ ಬರುತ್ತಿದ್ದವು, ಹಾಗಾಗಿ ಫಿಸಿಕ್ಸ್ ತೆಗೆದುಕೊಂಡರು. (ಬ್ರಾಂಚ್ ಸಿಗದೆ ಬೇರೆ ಬ್ರಾಂಚಿಗೆ ಬಂದ ನಮ್ಮಂಥವರಿಗೆ ಈ ಸಾಲು ಸ್ವಲ್ಪ ಸಮಾಧಾನ ಕೊಡುತ್ತೆ, ಅಲ್ವಾ?) ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಫಿಸಿಕ್ಸ್ ಮತ್ತು ಕೆಮಿಸ್ಟ್ರಿಯಲ್ಲಿ ಬಿಎಸ್ಸಿ ಆನರ್ಸ್ ಮುಗಿಸಿ, 1940ರಲ್ಲಿ ಸ್ಕಾಲರ್‌ಶಿಪ್ ಪಡೆದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ, ಅಂದರೆ ನಮ್ಮ ಐಐಎಸ್ಸಿಗೆ ಬಂದರು. ಗೈಡ್ ಸರ್ ಸಿ. ವಿ. ರಾಮನ್.

ಅಲ್ಲಿ ಸಿಕ್ಕ ಕೆಲಸ ಏನು ಗೊತ್ತೇನ್ರಿ? ವಜ್ರ! ಓಲೆಯಲ್ಲಿ ಬೇಡ ಅಂದದ್ದು ಲ್ಯಾಬಿನಲ್ಲಿ ಕೈಗೆ ಬಂತು. ರಾಮನ್ ಅವರ ಹತ್ತಿರ ವಜ್ರಗಳ ದೊಡ್ಡ ಸಂಗ್ರಹವೇ ಇತ್ತು. ಅನ್ನಾ ಮಣಿ 30ಕ್ಕೂ ಹೆಚ್ಚು ವಜ್ರಗಳನ್ನು ತೆಗೆದುಕೊಂಡು, ಅವು ಬೆಳಕನ್ನು ಹೇಗೆ ಹೀರುತ್ತವೆ, ಹೇಗೆ ಹೊಳೆಯುತ್ತವೆ ಅಂತ ಸ್ಪೆಕ್ಟ್ರಮ್ ತೆಗೆದರು. ಮಾಣಿಕ್ಯದ ಮೇಲೂ ಕೆಲಸ ಮಾಡಿದರು. ಆಗ ಡಿಜಿಟಲ್ ಸೆನ್ಸರ್ ಎಲ್ಲಿ? ಫೋಟೋ ಪ್ಲೇಟಿನ ಮೇಲೆ ಆ ಮಂದ ಬೆಳಕು ಮೂಡೋಕೆ 15ರಿಂದ 20 ತಾಸು ಎಕ್ಸ್‌ಪೋಷರ್ ಬೇಕಿತ್ತು. ಎಷ್ಟೋ ರಾತ್ರಿ ಅವರು ಲ್ಯಾಬಿನಲ್ಲೇ ಮಲಗುತ್ತಿದ್ದರು. 1942ರಿಂದ 1945ರ ಒಳಗೆ ಒಬ್ಬರ ಹೆಸರಿನಲ್ಲೇ ಐದು ಪೇಪರ್ ಬಂದವು.

ಆ ಲ್ಯಾಬಿನ ವಾತಾವರಣದ ಬಗ್ಗೆಯೂ ಹೇಳಬೇಕು. ರಾಮನ್ ದೊಡ್ಡ ವಿಜ್ಞಾನಿ, ಅದರಲ್ಲಿ ಎರಡು ಮಾತಿಲ್ಲ. ಆದರೆ ಹೆಣ್ಣುಮಕ್ಕಳ ವಿಷಯದಲ್ಲಿ ಅವರದ್ದು ಹಳೇ ಕಾಲದ ಮಡಿ. 1933ರಲ್ಲಿ ಕಮಲಾ ಭಾಗವತ್ ಸೀಟು ಕೇಳಿದಾಗ ಹೆಣ್ಣು ಅನ್ನೋ ಕಾರಣಕ್ಕೆ ಮೊದಲು ಬೇಡ ಅಂದಿದ್ದರು, ಆಕೆ ಹಟ ಹಿಡಿದಿದ್ದಕ್ಕೆ ಷರತ್ತು ಹಾಕಿ ಒಳಗೆ ಬಿಟ್ಟರು. ಅನ್ನಾ ಮಣಿ ಬರೋ ಹೊತ್ತಿಗೆ ಬಾಗಿಲು ತೆರೆದಿತ್ತು, ಆದರೂ ಹುಡುಗ ಹುಡುಗಿಯರು ಲ್ಯಾಬಿನಲ್ಲಿ ಬೆರೆಯೋದು ಅವರಿಗೆ ಸೇರುತ್ತಿರಲಿಲ್ಲ. ಜೊತೆಯವರೊಂದಿಗೆ ಕೂತು ಡೌಟ್ ಚರ್ಚಿಸುವುದು ಕೂಡ ಕಷ್ಟ. ಗ್ರೂಪ್ ಸ್ಟಡಿ ಇಲ್ಲದೆ ಒಂದು ಸೆಮಿಸ್ಟರ್ ದಾಟಿ ನೋಡಿ, ಆಗ ಗೊತ್ತಾಗುತ್ತೆ.

1945ರ ಆಗಸ್ಟಿನಲ್ಲಿ ಅವರು ಪಿಎಚ್‌ಡಿ ಪ್ರಬಂಧ ಸಲ್ಲಿಸಿದರು. ಆಗ ಐಐಎಸ್ಸಿ ತಾನೇ ಡಿಗ್ರಿ ಕೊಡುತ್ತಿರಲಿಲ್ಲ, ಮದ್ರಾಸ್ ವಿಶ್ವವಿದ್ಯಾಲಯ ಕೊಡಬೇಕಿತ್ತು. ಅವರು ಕೊಡಲಿಲ್ಲ. ಕಾರಣ, ಎಂಎಸ್ಸಿ ಡಿಗ್ರಿ ಇಲ್ಲ ಅನ್ನೋದು. ಎರಡು ವಿಷಯದಲ್ಲಿ ಆನರ್ಸ್ ಇದೆ, ಅದರ ಆಧಾರದ ಮೇಲೆಯೇ ಸ್ಕಾಲರ್‌ಶಿಪ್ ಸಿಕ್ಕಿದೆ, ಐದು ಪೇಪರ್ ಅಚ್ಚಾಗಿವೆ. ಇದಾವುದೂ ಲೆಕ್ಕಕ್ಕೆ ಬರಲಿಲ್ಲ. ಆ ಪ್ರಬಂಧ ಇವತ್ತಿಗೂ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ಲೈಬ್ರರಿಯಲ್ಲಿ, ಡಿಗ್ರಿ ಬಂದ ಬೇರೆ ಪ್ರಬಂಧಗಳ ಸಾಲಿನಲ್ಲೇ ಇದೆ. ಹೊರಗಿಂದ ನೋಡಿದರೆ ಯಾವುದಕ್ಕೆ ಡಿಗ್ರಿ ಬಂತು, ಯಾವುದಕ್ಕೆ ಬರಲಿಲ್ಲ ಅಂತ ತಿಳಿಯೋದಿಲ್ಲ. ಅನ್ನಾ ಮಣಿ ಮಾತ್ರ ಈ ಬಗ್ಗೆ ಗೋಳಾಡಲಿಲ್ಲ. ಡಿಗ್ರಿ ಇಲ್ಲದ್ದು ತನ್ನ ಕೆಲಸಕ್ಕೇನೂ ಅಡ್ಡಿಯಾಗಲಿಲ್ಲ ಅನ್ನೋ ಧಾಟಿಯಲ್ಲೇ ಇದ್ದರು. ಅವರು ಬಿಟ್ಟರು ಸರಿ, ನಮಗೆ ಮಾತ್ರ ಇದನ್ನ ಓದುವಾಗ ಸಿಟ್ಟು ಬರುತ್ತೆ.

ಅದೇ ವರ್ಷ ಸರ್ಕಾರದ ಸ್ಕಾಲರ್‌ಶಿಪ್ ಮೇಲೆ ಇಂಗ್ಲೆಂಡಿಗೆ ಹೋದರು, ಸೈನಿಕರನ್ನು ಒಯ್ಯೋ ಹಡಗಿನಲ್ಲಿ. ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಫಿಸಿಕ್ಸ್ ಮುಂದುವರಿಸಬೇಕು ಅಂತ ಮನಸ್ಸು. ಆದರೆ ಆಗ ಇದ್ದದ್ದು ಹವಾಮಾನ ಉಪಕರಣಗಳ ತರಬೇತಿ ಒಂದೇ. ಸರಿ ಅಂತ ಅದನ್ನೇ ಕಲಿತರು. ಮೆಡಿಕಲ್ ಹೋಗಿ ಫಿಸಿಕ್ಸ್ ಆಯಿತು, ಫಿಸಿಕ್ಸ್ ಹೋಗಿ ಮಳೆ, ಗಾಳಿ, ಬಿಸಿಲು ಆಯಿತು. ಬಂದದ್ದನ್ನ ಅವರು ಎರಡನೇ ದರ್ಜೆಯ ಕೆಲಸ ಅಂತ ಯಾವತ್ತೂ ಮಾಡಲಿಲ್ಲ.

1948ರಲ್ಲಿ ವಾಪಸ್ ಬಂದು ಪುಣೆಯಲ್ಲಿ ಭಾರತೀಯ ಹವಾಮಾನ ಇಲಾಖೆಯ ಉಪಕರಣ ವಿಭಾಗಕ್ಕೆ ಸೇರಿದರು. ಸ್ವಾತಂತ್ರ್ಯ ಬಂದ ಹೊಸತು. ಸಾದಾ ಥರ್ಮಾಮೀಟರ್ ಕೂಡ ಹೊರದೇಶದಿಂದ ಬರಬೇಕಿತ್ತು. ವಿಭಾಗದ ಮುಖ್ಯಸ್ಥ ಎಸ್. ಪಿ. ವೆಂಕಟೇಶ್ವರನ್ ಅವರಿಗೆ ಇವನ್ನೆಲ್ಲ ಇಲ್ಲೇ ಮಾಡಬೇಕು ಅನ್ನೋ ಹಂಬಲ, ಅದಕ್ಕೆ ಅನ್ನಾ ಮಣಿ ಕೈಜೋಡಿಸಿದರು. 1953ರ ಹೊತ್ತಿಗೆ ಅವರೇ ವಿಭಾಗದ ಮುಖ್ಯಸ್ಥೆ, ಕೈಕೆಳಗೆ 121 ಗಂಡಸರು. ಮಳೆಮಾಪಕ, ಗಾಳಿಯ ವೇಗ ಅಳೆಯೋ ಅನಿಮೋಮೀಟರ್, ದಿಕ್ಕು ತೋರಿಸೋ ವೇನ್, ಬಾರೋಮೀಟರ್ ಹೀಗೆ ಸುಮಾರು 100 ಉಪಕರಣಗಳ ಡ್ರಾಯಿಂಗ್‌ಗಳನ್ನು ಪ್ರಮಾಣೀಕರಿಸಿ ಇಲ್ಲೇ ತಯಾರಿಸೋಕೆ ಶುರು ಮಾಡಿಸಿದರು. ಫಸ್ಟ್ ಇಯರ್‌ನಲ್ಲಿ ಎಂಜಿನಿಯರಿಂಗ್ ಡ್ರಾಯಿಂಗ್ ಯಾಕೆ ಬೇಕು ಅಂತ ಗೊಣಗಿದವರು ಇಲ್ಲಿ ಒಂದು ಕ್ಷಣ ನಿಲ್ಲಿ. ಡ್ರಾಯಿಂಗ್ ಒಂದೇ ಆಗಿದ್ದರೆ ಯಾವ ವರ್ಕ್‌ಶಾಪಿನಲ್ಲಿ ಮಾಡಿದರೂ ಉಪಕರಣ ಒಂದೇ ಥರ ಬರುತ್ತೆ, ಆಗ ಮಾತ್ರ ಒಂದೂರಿನ ರೀಡಿಂಗ್ ಇನ್ನೊಂದೂರಿನ ರೀಡಿಂಗ್ ಜೊತೆ ಹೋಲಿಸಬಹುದು.

ತಪ್ಪು ಅಳತೆಗಿಂತ ಅಳತೆಯೇ ಇಲ್ಲದಿರೋದು ಮೇಲು ಅನ್ನೋದು ಅವರ ಗಟ್ಟಿ ನಂಬಿಕೆ. ಅಂತರರಾಷ್ಟ್ರೀಯ ಭೂಭೌತ ವರ್ಷ ಅಂತ 1957-58ರಲ್ಲಿ ಜಗತ್ತಿನ ಎಷ್ಟೋ ದೇಶಗಳು ಸೇರಿ ಭೂಮಿಯನ್ನ ಅಳೆಯೋಕೆ ಹೊರಟಾಗ, ಅವರು ಭಾರತದಲ್ಲಿ ಸೂರ್ಯನ ಬಿಸಿಲು ಅಳೆಯೋ ಕೇಂದ್ರಗಳ ಜಾಲವನ್ನು ಹಬ್ಬಿಸಿದರು. ಇದಕ್ಕೆ ಬಳಸೋ ಪೈರನೋಮೀಟರ್ ನೋಡೋಕೆ ಸರಳ: ಗಾಜಿನ ಗುಮ್ಮಟದ ಕೆಳಗೆ ಕಪ್ಪು ಮೇಲ್ಮೈ, ಅದು ಕಾದಷ್ಟೂ ಥರ್ಮೋಪೈಲ್‌ನಲ್ಲಿ ವೋಲ್ಟೇಜ್ ಹುಟ್ಟುತ್ತೆ. ಆದರೆ ಎಷ್ಟು ಮಿಲಿವೋಲ್ಟಿಗೆ ಎಷ್ಟು ಬಿಸಿಲು ಅನ್ನೋದು ಕ್ಯಾಲಿಬ್ರೇಷನ್ ಆಗದಿದ್ದರೆ ಅದು ಬರೀ ಗಾಜಿನ ಬುಡ್ಡಿ. ಅವರ ತಲೆನೋವೆಲ್ಲ ಆ ಕ್ಯಾಲಿಬ್ರೇಷನ್ನಿನದೇ.

1960ರ ದಶಕದಲ್ಲಿ ಬಲೂನಿಗೆ ಕಟ್ಟಿ ಮೇಲಕ್ಕೆ ಬಿಡೋ ಓಝೋನ್‌ಸೋಂಡ್ ಅನ್ನು ಅವರ ತಂಡ ಇಲ್ಲೇ ಮಾಡಿತು. ಓಝೋನ್ ಪದರಕ್ಕೆ ತೂತು ಬಿದ್ದ ಸುದ್ದಿ ಜಗತ್ತಿಗೆ ತಿಳಿದದ್ದು 1985ರಲ್ಲಿ, ಅದಕ್ಕೂ ಎಷ್ಟೋ ಮೊದಲೇ ಇವರು ಅಳತೆ ತೆಗೆಯುತ್ತಿದ್ದರು. ವಿಕ್ರಂ ಸಾರಾಭಾಯಿ ತುಂಬಾದಲ್ಲಿ ರಾಕೆಟ್ ಕೇಂದ್ರ ಕಟ್ಟುವಾಗ ಅಲ್ಲಿನ ಹವಾಮಾನ ವೀಕ್ಷಣಾಲಯ ಮತ್ತು ಉಪಕರಣ ಗೋಪುರ ನಿಲ್ಲಿಸಿಕೊಟ್ಟವರೂ ಇವರೇ. 1976ರಲ್ಲಿ ಇಲಾಖೆಯ ಡೆಪ್ಯುಟಿ ಡೈರೆಕ್ಟರ್ ಜನರಲ್ ಆಗಿ ನಿವೃತ್ತರಾದರು.

ನಮ್ಮ ಕಡೆಯವರಿಗೆ ಹತ್ತಿರದ ಕಥೆ ಶುರುವಾಗೋದು ಈ ನಿವೃತ್ತಿಯ ಮೇಲೆ. ಮತ್ತೆ ಬೆಂಗಳೂರಿಗೆ ಬಂದು ಮೂರು ವರ್ಷ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಸಂದರ್ಶಕ ಪ್ರಾಧ್ಯಾಪಕರಾಗಿದ್ದರು. 1980ರಲ್ಲಿ ಭಾರತದ ಸೌರ ವಿಕಿರಣದ ಅಂಕಿಅಂಶಗಳ ಕೈಪಿಡಿ ಹೊರತಂದರು. ಸೋಲಾರ್ ಅಂದರೆ ಯಾರೂ ತಲೆ ಕೆಡಿಸಿಕೊಳ್ಳದ ಕಾಲ ಅದು. ಆಮೇಲೆ ಗಾಳಿ. 1983ರಲ್ಲಿ ಡಿ. ಎ. ಮೂಲೆ ಅವರ ಜೊತೆ ಭಾರತದ ಗಾಳಿಶಕ್ತಿಯ ಅಂಕಿಗಳ ಪುಸ್ತಕ ಬಂತು, ನಂತರ ದೇಶದ ನೂರಾರು ಕಡೆ ಗಾಳಿಯ ವೇಗ ಅಳೆಯೋ ಸಮೀಕ್ಷೆಯನ್ನು ನಡೆಸಿದರು. ಬೆಂಗಳೂರಿನಲ್ಲಿ ಗಾಳಿ ಮತ್ತು ಬಿಸಿಲು ಅಳೆಯೋ ಉಪಕರಣ ತಯಾರಿಸೋ ಒಂದು ಸಣ್ಣ ಕಾರ್ಖಾನೆಯನ್ನೂ ಹಾಕಿದರು.

ಗಾಳಿಯಲ್ಲಿ ಅಳತೆ ಯಾಕೆ ಅಷ್ಟು ಮುಖ್ಯ ಅಂದರೆ, ಗಾಳಿಯ ಶಕ್ತಿ ವೇಗದ ಘನಕ್ಕೆ ತಕ್ಕಂತೆ ಏರುತ್ತೆ. ನಿಜವಾದ ವೇಗ ಸೆಕೆಂಡಿಗೆ 5 ಮೀಟರ್ ಇದ್ದು ನಿಮ್ಮ ಮೀಟರ್ 5.5 ಅಂತ ತೋರಿಸಿತು ಅನ್ಕೊಳ್ಳಿ. ವೇಗದಲ್ಲಿ ತಪ್ಪು 10%. ಶಕ್ತಿಯ ಲೆಕ್ಕದಲ್ಲಿ 1.1ರ ಘನ, ಅಂದರೆ 33% ತಪ್ಪು! ಕೋಟಿಗಟ್ಟಲೆ ಸಾಲ ಮಾಡಿ ಗಾಳಿಯಂತ್ರ ನಿಲ್ಲಿಸಿದವರು ಆಮೇಲೆ ಕರೆಂಟ್ ಬರಲಿಲ್ಲ ಅಂತ ತಲೆ ಮೇಲೆ ಕೈ ಹೊತ್ತು ಕೂರಬೇಕಾಗುತ್ತೆ. ಇಳಕಲ್ ಕಡೆಯಿಂದ ಗಜೇಂದ್ರಗಡದ ಬಸ್ಸು ಹತ್ತಿದವರು ಅಲ್ಲಿ ಗುಡ್ಡದ ಮೇಲೆ ಸಾಲಾಗಿ ತಿರುಗೋ ಬಿಳಿ ರೆಕ್ಕೆಗಳನ್ನ ನೋಡಿರ್ತೀರಿ. ಇಂಥ ಕಡೆ ಯಂತ್ರ ನಿಲ್ಲಿಸೋ ಮೊದಲು ವರ್ಷಗಟ್ಟಲೆ ಗಾಳಿ ಅಳೆಯಬೇಕು ಅನ್ನೋ ಪಾಠವನ್ನು ದೇಶಕ್ಕೆ ಕಲಿಸಿದವರಲ್ಲಿ ಈ ಖಾದಿ ಸೀರೆಯ ಅಜ್ಜಿ ಮುಖ್ಯರು.

ಮದುವೆ ಆಗಲಿಲ್ಲ. ಚಾರಣ, ಪಕ್ಷಿ ವೀಕ್ಷಣೆ ಇಷ್ಟ. ಹೆಣ್ಣು ವಿಜ್ಞಾನಿ ಅಂತ ಯಾರಾದರೂ ವಿಶೇಷವಾಗಿ ಹೊಗಳೋಕೆ ಬಂದರೆ ಅವರಿಗೆ ಹಿಡಿಸುತ್ತಿರಲಿಲ್ಲ. ತಾನು ಮಾಡಿದ್ದರಲ್ಲಿ ಅಂಥ ದೊಡ್ಡದೇನಿದೆ ಅನ್ನೋರು. ಈ ಮಾತಿಗೆ ನಮ್ಮ ತಕರಾರಿದೆ, ಯಾಕಂದರೆ ಆಗ ದೇಶದಲ್ಲಿ ಕಾಲೇಜು ಮೆಟ್ಟಿಲು ಹತ್ತಿದ ಹೆಣ್ಣುಮಕ್ಕಳೇ ಬಲು ಕಡಿಮೆ. 1987ರಲ್ಲಿ ಭಾರತೀಯ ರಾಷ್ಟ್ರೀಯ ವಿಜ್ಞಾನ ಅಕಾಡೆಮಿ ಕೆ. ಆರ್. ರಾಮನಾಥನ್ ಪದಕ ಕೊಟ್ಟಿತು. 1994ರಲ್ಲಿ ಪಾರ್ಶ್ವವಾಯು ಹೊಡೆದು ಓಡಾಟ ನಿಂತಿತು. 2001ರ ಆಗಸ್ಟ್ 16ರಂದು, 83 ತುಂಬೋಕೆ ಒಂದು ವಾರ ಇರುವಾಗ, ತಿರುವನಂತಪುರದಲ್ಲಿ ತೀರಿಕೊಂಡರು.