ಡಾ. ಮೇರಿ ವಾಕರ್ (1888–1974)

ಮಯಾಸ್ತೇನಿಯಾ ಗ್ರೇವಿಸ್ ಎಂಬ ಸ್ನಾಯು ದೌರ್ಬಲ್ಯ ರೋಗಕ್ಕೆ ಪರಿಣಾಮಕಾರಿ ಔಷಧವನ್ನು ತೋರಿಸಿಕೊಟ್ಟ ಡಾ. ಮೇರಿ ವಾಕರ್ ಅವರು 1888ರಲ್ಲಿ ಸ್ಕಾಟ್ಲೆಂಡಿನ ವಿಗ್‌ಟೌನ್‌ನಲ್ಲಿ ಜನಿಸಿದರು. 1913ರಲ್ಲಿ ಎಡಿನ್‌ಬರೋದಲ್ಲಿ ವೈದ್ಯಕೀಯ ಪದವಿ ಪಡೆದು, ಮುಂದೆ ಲಂಡನ್ನಿನ ಗ್ರೀನಿಚ್‌ನ ಸೇಂಟ್ ಆಲ್ಫೆಜ್ ಆಸ್ಪತ್ರೆಯಲ್ಲಿ ಸೇವೆ ಸಲ್ಲಿಸಿದರು.

ಈ ರೋಗದಲ್ಲಿ ಹೊತ್ತು ಕಳೆದಂತೆ ಕಣ್ಣಿನ ರೆಪ್ಪೆ ಜೋಲುತ್ತದೆ, ಮಾತು ತೊದಲುತ್ತದೆ, ನುಂಗುವುದು ಕಷ್ಟವಾಗುತ್ತದೆ. ಉಸಿರಾಟದ ಸ್ನಾಯುಗಳು ಸೋತರೆ ಪ್ರಾಣಾಪಾಯವೂ ಉಂಟು. ಇದು ಕ್ಯುರಾರೆ ಎಂಬ ಬಾಣವಿಷದ ಲಕ್ಷಣಗಳನ್ನು ಹೋಲುತ್ತದೆಂದು ನರರೋಗತಜ್ಞ ಡೆನಿ-ಬ್ರೌನ್ ಅವರಿಂದ ಅರಿತ ವಾಕರ್, ಆ ವಿಷಕ್ಕೆ ಪ್ರತ್ಯೌಷಧವಾಗಿದ್ದ ಫೈಸೋಸ್ಟಿಗ್ಮಿನ್ ಚುಚ್ಚುಮದ್ದನ್ನು 1934ರಲ್ಲಿ ಓರ್ವ ಮಹಿಳೆಗೆ ನೀಡಿದರು. ಜೋತುಬಿದ್ದ ರೆಪ್ಪೆ ಕೆಲಕಾಲ ಮೇಲೆದ್ದಿತು. ಮರುವರ್ಷ ನಿಯೋಸ್ಟಿಗ್ಮಿನ್‌ನ ಉಪಯೋಗವನ್ನೂ ಪ್ರಕಟಿಸಿದರು. ಇಷ್ಟಾದರೂ ಬೋಧನಾ ಆಸ್ಪತ್ರೆಯ ಹುದ್ದೆ ಅವರಿಗೆ ದೊರೆಯದೇ ಹೋದುದು ವಿಷಾದನೀಯ.

ದೇಹವು ತನ್ನದೇ ನರ-ಸ್ನಾಯು ಸಂಧಿಯ ವಿರುದ್ಧ ಉತ್ಪಾದಿಸುವ ಪ್ರತಿಕಾಯಗಳೇ ಈ ರೋಗದ ಮೂಲವೆಂಬುದು 1973ರ ನಂತರ ಖಚಿತವಾಯಿತು. ವಾಕರ್ ಅವರು 1974ರಲ್ಲಿ ನಿಧನರಾದರು. 1976ರಲ್ಲಿ ಪ್ರಕಟವಾದ ಪ್ರತಿಕಾಯ ರಕ್ತಪರೀಕ್ಷೆಯಲ್ಲಿ ಬಳಸಿದ್ದು, ವಿಚಿತ್ರವೆನಿಸಬಹುದು, ನಮ್ಮ ಕಟ್ಟುಹಾವಿನ ಹತ್ತಿರದ ಸಂಬಂಧಿಯಾದ ಹಾವಿನ ವಿಷವನ್ನು. ರೋಗವು ದೇಹವಿಡೀ ವ್ಯಾಪಿಸಿದವರಲ್ಲಿ ಸುಮಾರು ಶೇ. 85ರಷ್ಟು ಮಂದಿಯಲ್ಲಿ ಈ ಪ್ರತಿಕಾಯ ಪತ್ತೆಯಾಗುತ್ತದೆ. ಕಣ್ಣಿಗಷ್ಟೇ ಸೀಮಿತವಾದವರಲ್ಲಿ ಅರ್ಧದಷ್ಟು ಮಂದಿಯಲ್ಲಿ ಮಾತ್ರ. ಆದುದರಿಂದ ಪ್ರತಿಕಾಯ ಕಾಣದ ಮಾತ್ರಕ್ಕೆ ರೋಗವಿಲ್ಲವೆಂದು ತಿಳಿಯಬಾರದು.

ಕೈಲಾಂಚದಂತಹ ಹೋಬಳಿಗಳ ಹೊಲಗಳಲ್ಲಿ ನಾಗರಹಾವು ಕಚ್ಚಿ ರೆಪ್ಪೆ ಜೋತವರಿಗೆ, ಪ್ರತಿವಿಷದ ಜೊತೆಗೆ ವೈದ್ಯರು ನೀಡುವುದೂ ವಾಕರ್ ಅವರು ಬಳಸಿದ ಅದೇ ನಿಯೋಸ್ಟಿಗ್ಮಿನ್.